ಅಮ್ಮನ ಮೀಡಿಯಂ ಸೈಜು

ಆ ದಿನ ಬೆಳಿಗ್ಗೆ ಮಂಜು ಇಳಿದಿತ್ತು. ಎದುರು ಮನೆಯ ಗೋಡೆ ಇದ್ದೂ ಇಲ್ಲದ ಹಾಗೆ ಕಾಣುತ್ತಿತ್ತು. ಹಿಂದಿನ ಸಂಜೆ ತಂತಿಯ ಮೇಲೆ ಹಾಕಿದ ಬಟ್ಟೆಗಳು ಒಣಗುವುದು ಹಾಗಿರಲಿ, ಇನ್ನಷ್ಟು ಒದ್ದೆಯಾಗಿ ಜೋತುಬಿದ್ದಿದ್ದವು. ಅಜ್ಜಿ ಪ್ರಾರ್ಥನೆ ಮುಗಿಸಿ ಕಿಟಕಿ ತೆರೆದು, ದೇವರು ಇವತ್ತು ಲೋಕಕ್ಕೆಲ್ಲ ಹೊದಿಕೆ ಹೊದಿಸಿ ಇನ್ನೊಂದು ಗಳಿಗೆ ಮಲಗಿಸಿದ್ದಾನೆ ಎಂದಳು. ಅಮ್ಮನಿಗೆ ಒಣಗದ ಬಟ್ಟೆಯ ಚಿಂತೆ. ಚಿಕ್ಕ ಮಗಳು ಮಾತ್ರ ಹಾಸಿಗೆಯಿಂದಲೇ ಕತ್ತು ಚಾಚಿ ನೋಡಿ, "ಬೆಳಕು ತುಂಬಾ ಚೆನ್ನಾಗಿದೆ. ಮಂಜು ಕರಗೋ ಮುಂಚೆ ಫೋಟೋ ತೆಗೆದುಬಿಡೋಣ," ಎಂದಳು.

ಹಾಗೆಂದ ಮೇಲೆ ಯಾರು ಏಳಬೇಕು? ದೊಡ್ಡವಳು ಎದ್ದಳು. ಗೌನಿಗೆ ಇಸ್ತ್ರಿ ಹಾಕುವವಳು ಅವಳು, ಗೋಡೆಗೆ ಬಿಳಿ ಬಟ್ಟೆ ಕಟ್ಟುವವಳು ಅವಳು, ಕ್ಲಿಪ್ಪಿನ ಡಬ್ಬಿ ಹಿಡಿದು ತಂಗಿಯ ಬೆನ್ನ ಹಿಂದೆ ನಿಲ್ಲುವವಳೂ ಅವಳೇ.

ಅದು ಹೊಲಿಗೆಯ ಮನೆ. ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಮೂಲೆಯಲ್ಲಿ ಅಜ್ಜಿಯ ಕುರ್ಚಿ. ಅಜ್ಜಿ ಹುಕ್ಕು ಹಚ್ಚುತ್ತಾಳೆ, ಗುಂಡಿಗೆ ಕಾಜಾ ಮಾಡುತ್ತಾಳೆ. ಒಂದೊಂದು ಹುಕ್ಕಿಗೂ ಬಾಯಲ್ಲಿ ಒಂದೊಂದು ದೇವರ ನಾಮ. ಅಪ್ಪನಿಗೆ ಪಾರ್ಸೆಲ್ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಹೋಗುವಾಗ ಹೊಲಿದ ಬಟ್ಟೆಗಳ ಪೊಟ್ಟಣ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ. ಮೊದಲು ಬೀದಿಯವರಿಗಷ್ಟೇ ಹೊಲಿಯುತ್ತಿದ್ದ ಅಮ್ಮನಿಗೆ ಈಗ ಎಲ್ಲಿಂದೆಲ್ಲಿಂದಲೋ ಗಿರಾಕಿಗಳು. ಅದು ಚಿಕ್ಕವಳ ಪ್ರತಾಪ. ಫೋನಿನಲ್ಲಿ ಒಂದು ಪುಟ ಮಾಡಿ, ಅಮ್ಮ ಹೊಲಿದ ಗೌನು ತಾನೇ ತೊಟ್ಟು ನಿಂತು, ತಿರುಗಿ, ನಕ್ಕು, ಜನ ಸೇರಿಸಿದ್ದಳು.

ಚಿಕ್ಕವಳಿಗೆ ಮನೆಯಲ್ಲಿ ಹೆಸರು ಕಡ್ಡಿ. ಹುಟ್ಟಿದಾಗಿನಿಂದ ಮೈಯಲ್ಲಿ ಮೂಳೆ, ಮೇಲೊಂದು ಚರ್ಮ. ಬಂದ ನೆಂಟರೆಲ್ಲ ದೊಡ್ಡವಳ ಕೆನ್ನೆ ಹಿಂಡಿ, ಇವಳು ನೋಡು ತುಂಬಿದ ಕೊಡದ ಹಾಗಿದ್ದಾಳೆ, ಆ ಕಡ್ಡಿಗೆ ಅನ್ನ ಹಾಕಲ್ವಾ ಎಂದು ಅಮ್ಮನನ್ನು ಕೇಳುತ್ತಿದ್ದರು. ಆ ಕಾಲ ಹೋಯಿತು. ಫೋನು ಬಂತು. ಕಡ್ಡಿ ಎಂಬ ಮಾತೇ ಹೊಗಳಿಕೆಯಾಯಿತು, ತುಂಬಿದ ಕೊಡ ಮೂಲೆ ಸೇರಿತು.

ಹಾಗೆಂದು ಅಮ್ಮನ ಕೆಲಸದಲ್ಲಿ ದೊಡ್ಡವಳಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು. ಬೇರೆ ದರ್ಜಿಗಳ ಹತ್ತಿರ ಮರದ ಗೊಂಬೆ ಇರುತ್ತದೆ. ಅಮ್ಮನ ಹತ್ತಿರ ದೊಡ್ಡ ಮಗಳಿದ್ದಳು. ಹೊಸ ನಮೂನೆ ಮನಸ್ಸಿಗೆ ಬಂದರೆ ಅಮ್ಮ ಟೇಪು ಮುಟ್ಟುವುದಿಲ್ಲ. ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿ "ಬಾರೇ, ನಿಲ್ಲು" ಎನ್ನುತ್ತಾಳೆ. ಮಗಳು ಬಂದು ನಿಲ್ಲುತ್ತಾಳೆ. ಅಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಅಂಗೈಯಲ್ಲಿ ಬಟ್ಟೆ ಸವರುತ್ತ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ. ಅದು ಹಾಗೇ ಕಂದು ಕಾಗದಕ್ಕೆ ಇಳಿದರೆ ಮೀಡಿಯಂ ಸೈಜು. ಅದಕ್ಕಿಂತ ಒಂದೂವರೆ ಬೆರಳು ಕಮ್ಮಿಯಾದರೆ ಸಣ್ಣದು, ಒಂದೂವರೆ ಬೆರಳು ಹೆಚ್ಚಾದರೆ ದೊಡ್ಡದು. ಎಲ್ಲಿಯೋ ಕೂತ ಗಿರಾಕಿಗಳು ತೊಡುವ ಗೌನುಗಳೆಲ್ಲ ಹೀಗೆ ದೊಡ್ಡವಳ ಮೈಯಿಂದಲೇ ಹೊರಟವು. "ನನ್ನ ಮಗಳು ದೇವರೇ ಕತ್ತರಿಸಿದ ಮೀಡಿಯಂ," ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು.

ಆದರೆ ಫೋಟೋಗೆ ನಿಲ್ಲುವವಳು ಕಡ್ಡಿ. ಅಕ್ಕನ ಮೈಗೆ ಕೂತ ಗೌನು ಅವಳ ಮೇಲೆ ಜೋಳಿಗೆಯ ಹಾಗೆ ಜೋಲುತ್ತದೆ. ಆಗ ಕ್ಲಿಪ್ಪು. ದೊಡ್ಡವಳು ತಂಗಿಯ ಬೆನ್ನ ಹಿಂದೆ ನಿಂತು, ಹೆಚ್ಚಾದ ಬಟ್ಟೆಯನ್ನು ಹಿಡಿಹಿಡಿಯಾಗಿ ಮಡಿಚಿ, ಕುತ್ತಿಗೆಯಿಂದ ಸೊಂಟದವರೆಗೆ ಕ್ಲಿಪ್ಪು ಕಚ್ಚಿಸುತ್ತಾಳೆ. ಮುಂದಿನಿಂದ ನೋಡಿದರೆ ಅಚ್ಚಿನಲ್ಲಿ ಎರೆದ ಹಾಗೆ. ಹಿಂದಿನಿಂದ ನೋಡಿದರೆ ಮುಳ್ಳುಹಂದಿ.

"ಗಟ್ಟಿಯಾಗಿ ಹಾಕು ಅಕ್ಕ, ಸೊಂಟ ಕಾಣ್ತಿಲ್ಲ."

"ಇದ್ದರೆ ತಾನೇ ಕಾಣೋದು," ಎಂದು ದೊಡ್ಡವಳು ಕ್ಲಿಪ್ಪನ್ನು ಬೇಕೆಂದೇ ಚರ್ಮಕ್ಕೆ ತಾಗಿಸಿದಳು. ಕಡ್ಡಿ ಆಯ್ ಎಂದಳು. ಆದರೂ ನಗು ಕೆಡಿಸಿಕೊಳ್ಳಲಿಲ್ಲ. ಅದನ್ನು ಕಂಡು ದೊಡ್ಡವಳ ಹೊಟ್ಟೆಯಲ್ಲಿ ಇನ್ನೊಂದು ಕೊಳ್ಳಿ ಹೆಚ್ಚಾಗಿ ಉರಿಯಿತು.

ಆ ಮಂಜಿನ ಬೆಳಗಿನ ಫೋಟೋ ತುಂಬಾ ಜನಕ್ಕೆ ಹಿಡಿಸಿತು. ಮಧ್ಯಾಹ್ನ ಕಾಜಾ ಮಾಡುತ್ತ ಕೂತಾಗ ದೊಡ್ಡವಳು ಆ ಫೋಟೋದ ಕೆಳಗೆ ಜನ ಬರೆದ ಮಾತುಗಳನ್ನು ತನ್ನ ಫೋನಿನಲ್ಲಿ ಓದಿದಳು. ಏನು ಚೆಂದ, ಏನು ಮೈಕಟ್ಟು, ಈ ಹುಡುಗಿ ಏನು ತಿಂದು ಹೀಗಿದ್ದಾಳೆ ಎಂದು ಸಾಲುಸಾಲು. ಅವುಗಳ ನಡುವೆ ಯಾರೋ ಒಬ್ಬರು, ಹಿಂದಿರುವ ಕನ್ನಡಿಯಲ್ಲಿ ಕಾಣುವ ದಪ್ಪ ಆಂಟಿ ಯಾರು ಎಂದು ಕೇಳಿದ್ದರು. ದೊಡ್ಡವಳು ಫೋಟೋ ಹಿಗ್ಗಿಸಿ ನೋಡಿದಳು. ಬಿಳಿ ಬಟ್ಟೆಯ ಅಂಚಿನಾಚೆ ಇಣುಕಿದ ಬೀರುವಿನ ಕನ್ನಡಿಯಲ್ಲಿ, ಕ್ಲಿಪ್ಪಿನ ಡಬ್ಬಿ ಎದೆಗವಚಿಕೊಂಡು, ಅವಳೇ ನಿಂತಿದ್ದಳು. ಅವಳಿಗೆ ಇಪ್ಪತ್ತೆರಡು ವರ್ಷ.

ಆ ಮಾತಿನ ಕೆಳಗೆ ನಗುವ ಮುಖವೊಂದಿತ್ತು. ಹಾಕಿದ್ದು ಕಡ್ಡಿ.

ರಾತ್ರಿ ಊಟಕ್ಕೆ ಬಡಿಸುವವಳು ದೊಡ್ಡವಳೇ. ಅನ್ನ, ಬೇಳೆ, ಹುರಿದ ಆಲೂಗಡ್ಡೆ, ತಲೆಗೊಂದು ಬೇಯಿಸಿದ ಮೊಟ್ಟೆ. ತನ್ನ ಪಾಲಿನ ಮೊಟ್ಟೆ ಎತ್ತಿ ತಂಗಿಯ ತಟ್ಟೆಗೆ ಹಾಕಿದಳು. ಅವಳ ಅನ್ನದ ಮೇಲೆ ಬೆಣ್ಣೆಯ ದೊಡ್ಡ ಉಂಡೆ ಇಟ್ಟಳು. ತನಗೆ ಎರಡು ತುತ್ತು ಅನ್ನ, ಒಂದು ಲೋಟ ನೀರು.

"ಏನಕ್ಕಾ, ಇದ್ದಕ್ಕಿದ್ದ ಹಾಗೆ ನನ್ನ ಮೇಲೆ ಇಷ್ಟು ಪ್ರೀತಿ?"

"ಬೆಳೆಯೋ ಹುಡುಗಿ. ತಿನ್ನು," ಎಂದಳು ದೊಡ್ಡವಳು.

ಅಜ್ಜಿ ಅದನ್ನು ಕಂಡು, ಅಕ್ಕ ಅಂದರೆ ಅರ್ಧ ತಾಯಿ, ದೇವರು ನಿನ್ನನ್ನು ತಣ್ಣಗಿಟ್ಟಿರಲಿ ಎಂದು ಹರಸಿದಳು. ದೊಡ್ಡವಳ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ತಾನು ಇಳಿಯಬೇಕು, ಅವಳು ಏರಬೇಕು, ಎರಡೂ ಒಂದೇ ತಟ್ಟೆಯಲ್ಲಿ ಆಗಿಹೋಗಬೇಕು. ಹರಕೆ ಕಿವಿಗೆ ಬಿದ್ದಾಗ ಮುಖ ಬಿಸಿಯಾಯಿತು. ಆದರೂ ಮರುದಿನ ಬೆಣ್ಣೆ ಇನ್ನೂ ದೊಡ್ಡದಾಯಿತು.

ಹೀಗೆ ವಾರಗಳು ಕಳೆದವು. ಫೋನಿನಲ್ಲಿ ಯಾರೋ ಹುಡುಗಿಯರು ಹೇಳಿಕೊಟ್ಟ ಹಾಗೆ ಬೆಳಿಗ್ಗೆ ಬರೀ ನಿಂಬೆ ನೀರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಬೀಗ. ಅಮ್ಮ ಕೇಳಿದರೆ ಆಗಲೇ ತಿಂದೆ ಎನ್ನುವುದು, ಅಜ್ಜಿ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುವುದು. ಉಟ್ಟ ಬಟ್ಟೆ ಸಡಿಲವಾಗುತ್ತ ಬಂದಾಗ, ಅಮ್ಮ ದಾರ ತರಲು ಅಂಗಡಿಗೆ ಹೋದ ಹೊತ್ತು ನೋಡಿ, ತಾನೇ ಮಿಷನ್ನಿನಲ್ಲಿ ಕೂತು ಪಕ್ಕದ ಹೊಲಿಗೆ ಒಳಕ್ಕೆ ತೆಗೆದುಕೊಂಡಳು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು; ಕಂಬಿ ಹಿಡಿದು ನಿಂತು, ಯಾರೂ ನೋಡಲಿಲ್ಲ ತಾನೇ ಎಂದು ಹಿಂದೆ ತಿರುಗುತ್ತಿದ್ದಳು.

ಕಡ್ಡಿಗೆ ಹಾಕಿದ ಬೆಣ್ಣೆ ಬಾವಿಗೆ ಹಾಕಿದ ಕಲ್ಲಾಯಿತು. ತಿಂದಳು, ತೇಗಿದಳು, ಇದ್ದ ಹಾಗೇ ಇದ್ದಳು. ದೊಡ್ಡವಳಿಗೆ ದೇವರ ಮೇಲೆಯೇ ಸಿಟ್ಟು ಬಂತು. ಆದರೆ ಒಂದು ಸಂತೋಷ ಅವಳೊಬ್ಬಳಿಗೇ ಗೊತ್ತಿತ್ತು. ಹೊಸ ಗೌನು ತೊಡಿಸಿ ತಂಗಿಯ ಬೆನ್ನ ಹಿಂದೆ ನಿಂತಾಗ, ಡಬ್ಬಿಯಲ್ಲಿ ಕ್ಲಿಪ್ಪು ಉಳಿಯತೊಡಗಿದ್ದವು. ಮೊದಲು ಎರಡು ಉಳಿದವು, ಆಮೇಲೆ ಅರ್ಧ ಡಬ್ಬಿ. ತಾನು ತಂಗಿಯ ಹತ್ತಿರ ಹತ್ತಿರ ಬರುತ್ತಿದ್ದೇನೆ ಎಂದುಕೊಂಡಳು. ಆ ಕ್ಲಿಪ್ಪುಗಳು ಇನ್ನೇನನ್ನೋ ಹೇಳುತ್ತಿವೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಅಮ್ಮನಿಗೂ ಹೊಳೆಯಲಿಲ್ಲ. ಮಗಳ ಮೇಲೆ ಕತ್ತರಿಸಿದ ಬಟ್ಟೆ ಮಗಳಿಗೆ ಸರಿಯಾಗಿಯೇ ಕೂರುತ್ತಿತ್ತು. ಅಳೆಯುವ ಕೋಲೇ ಸವೆಯುತ್ತಿದ್ದರೆ ಅಳೆಯುವವಳಿಗೆ ಹೇಗೆ ತಿಳಿಯಬೇಕು?

ಒಂದು ಸಂಜೆ ಕಡ್ಡಿ ಫೋಟೋ ತೋರಿಸುತ್ತಿದ್ದಾಗ ಅಜ್ಜಿ ಕನ್ನಡಕ ಏರಿಸಿ, "ನಮ್ಮ ಬಾಗಿಲು ಯಾವಾಗ ಸೊಟ್ಟಗಾಯ್ತು?" ಎಂದಳು. ಫೋಟೋದಲ್ಲಿ ಕಡ್ಡಿಯ ಸೊಂಟದ ಪಕ್ಕ ಬಾಗಿಲ ಚೌಕಟ್ಟು ಬಿಲ್ಲಿನ ಹಾಗೆ ಒಳಕ್ಕೆ ಬಾಗಿತ್ತು. ಕಡ್ಡಿ ಫೋನು ಕಿತ್ತುಕೊಂಡು, ಅದು ಹಾಗೇ ಅಜ್ಜಿ, ಎಲ್ಲರೂ ಮಾಡ್ತಾರೆ ಎಂದು ಗೊಣಗಿದಳು. ಫೋನಿನ ಪರದೆಯ ಮೇಲೆ ಬೆರಳಿನಿಂದ ಸೊಂಟ ಒತ್ತಿ ಸಣ್ಣ ಮಾಡಿದ್ದಳು. ಸೊಂಟದ ಜೊತೆ ಬಾಗಿಲೂ ಒಳಗೆ ಹೋಗಿತ್ತು. ಅಪ್ಪ ಎದ್ದು ಹೋಗಿ ನಿಜವಾದ ಬಾಗಿಲನ್ನು ತಟ್ಟಿ ನೋಡಿ, "ಸದ್ಯ, ಬಾಡಿಗೆ ಮನೆ," ಎಂದ.

ಎಲ್ಲರೂ ನಕ್ಕರು. ದೊಡ್ಡವಳು ನಗಲಿಲ್ಲ. ಇಷ್ಟು ಸಣ್ಣಗಿದ್ದರೂ ಸಾಲದೆಂದು ಇವಳು ಇನ್ನೂ ಒತ್ತಿಕೊಳ್ಳುತ್ತಿದ್ದಾಳೆ ಎಂದು ತಿಳಿದಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇಲ್ಲದ ಆ ಸೊಂಟದ ಮೇಲೂ ಹೊಟ್ಟೆಕಿಚ್ಚಾಯಿತು.

ಆಮೇಲೆ ಪೊಟ್ಟಣಗಳು ತಿರುಗಿ ಬರತೊಡಗಿದವು. ಚೀಲ ಖಾಲಿ ಮಾಡಿಕೊಂಡು ಬರುತ್ತಿದ್ದ ಅಪ್ಪ ಈಗ ತುಂಬಿಸಿಕೊಂಡು ಬರುತ್ತಿದ್ದ; ಜಗಳ ಮಾಡಿಕೊಂಡು ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಗೌನುಗಳು ಮೇಜಿನ ಮೇಲೆ ಬಿದ್ದಿರುತ್ತಿದ್ದವು. ಬಿಗಿ, ಬಿಗಿ, ಎಲ್ಲದರದ್ದೂ ಒಂದೇ ದೂರು. ಅಮ್ಮ ಮೊದಲು ಗಿರಾಕಿಗಳನ್ನು ಬೈದಳು, ತಿಂದು ಊದಿಕೊಂಡು ದರ್ಜಿಯನ್ನು ಅಂತಾರೆ ಎಂದು. ಆಮೇಲೆ ಬಟ್ಟೆಯ ಅಂಗಡಿಯವನ ಮೇಲೆ ಹರಿಹಾಯ್ದು ಬಂದಳು, ನೀನು ಕೊಟ್ಟದ್ದು ಕುಗ್ಗುವ ಬಟ್ಟೆ ಎಂದು. ಅವನು, ನಿಮ್ಮ ಕೈಯೇ ಕುಗ್ಗಿರಬೇಕು ಎಂದನಂತೆ. ಅವತ್ತಿನಿಂದ ಅಮ್ಮ ಎಲ್ಲ ಬಟ್ಟೆಯನ್ನೂ ನೀರಲ್ಲಿ ನೆನೆಸಿ ಒಣಗಿಸಿ ಕತ್ತರಿಸಿದಳು. ಆದರೂ ಬಿಗಿ. ಹಳೆಯ ನಮೂನೆಯ ಗೌನುಗಳು ಮಾತ್ರ ಒಂದೂ ತಿರುಗಿ ಬರಲಿಲ್ಲ. ಇದೇನು ಮಾಯೆ ಎಂದು ಅಮ್ಮ ತಲೆಯ ಮೇಲೆ ಕೈಹೊತ್ತು ಕೂತಳು.

ಕೊನೆಗೆ ತಿರುಗಿ ಬಂದದ್ದು ಬೇರೆ ಊರಿನ ಪ್ರಾರ್ಥನಾ ಮಂದಿರದ ಹಾಡುವ ತಂಡದ ಗೌನುಗಳು. ಕಡುನೀಲಿ ಬಣ್ಣ, ಎಲ್ಲ ಹೆಂಗಸರಿಗೂ ಒಂದೇ ನಮೂನೆ. ಅಮ್ಮ ಈವರೆಗೆ ಹಿಡಿದ ಕೆಲಸದಲ್ಲೆಲ್ಲ ದೊಡ್ಡದು. ಆ ಊರಿಗೂ ಈ ಊರಿಗೂ ದೂರವಾದ್ದರಿಂದ ಸೈಜುಗಳನ್ನಷ್ಟೇ ಫೋನಿನಲ್ಲಿ ತಿಳಿಸಿದ್ದರು. ಹಾಡು ಕಲಿಸುವ ಟೀಚರಮ್ಮ ದೊಡ್ಡ ಗಂಟು ಹೊತ್ತು ಖುದ್ದಾಗಿ ಬಂದಳು. ಸಿಟ್ಟಿನ ಹೆಂಗಸಲ್ಲ, ನೀರು ಕುಡಿದು, ಅಜ್ಜಿಗೆ ನಮಸ್ಕಾರ ಹೇಳಿ, ಮೆಲ್ಲಗೆ ಮಾತು ತೆಗೆದಳು.

"ಸುಮ್ಮನೆ ನಿಂತರೆ ಚೆನ್ನಾಗೇ ಕಾಣುತ್ತೆ ಅಮ್ಮ. ಆದರೆ ನಾವು ಹಾಡೋ ಜನ. ಉಸಿರು ಎಳೆದುಕೊಂಡರೆ ಹುಕ್ಕು ಹಾರುತ್ತೆ. ನಿನ್ನೆ ಒಬ್ಬಳದು ಹಾರಿ ಪಕ್ಕದವಳ ಕನ್ನಡಕಕ್ಕೆ ಬಡಿಯಿತು. ದೇವರ ಮುಂದೆ ಅರ್ಧ ಉಸಿರಲ್ಲಿ ಹಾಡೋಕಾಗುತ್ತಾ?"

ಭಾನುವಾರಕ್ಕೆ ಸರಿಮಾಡಿ ಕೊಟ್ಟರಾಯಿತು, ಇಲ್ಲದಿದ್ದರೆ ಬೇರೆ ಕಡೆ ನೋಡಬೇಕಾಗುತ್ತದೆ ಎಂದು ಹೇಳಿ ಅವಳು ಪೇಟೆಯ ಕೆಲಸಕ್ಕೆ ಹೋದಳು.

ಅಮ್ಮ ಮೀಡಿಯಂ ಸೈಜಿನ ಒಂದು ನೀಲಿ ಗೌನು ಎತ್ತಿಕೊಂಡು, "ಬಾರೇ, ನಿಲ್ಲು," ಎಂದಳು. ದೊಡ್ಡವಳು ತೊಟ್ಟು ನಿಂತಳು. ಗೌನು ಎರೆದ ಹಾಗೆ ಕೂತಿತು. "ಇದರಲ್ಲೇನಿದೆ ಬಿಗಿ?" ಎಂದು ಅಮ್ಮ ಸುತ್ತು ಬಂದಳು.

ಮೂಲೆಯಿಂದ ಅಜ್ಜಿ ಹೇಳಿದಳು, "ಹೋದ ವರ್ಷ ಇವಳ ಮೇಲೇ ಕತ್ತರಿಸಿದ ಬೂದು ಗೌನು ಇದೆಯಲ್ಲ, ಅದನ್ನ ಇವಳಿಗೆ ಹಾಕಿ ನೋಡು. ಬಟ್ಟೆ ಕುಗ್ಗಿದೆಯೋ, ಲೋಕ ಹಿಗ್ಗಿದೆಯೋ ಗೊತ್ತಾಗುತ್ತೆ."

ಆ ಕ್ಷಣ ದೊಡ್ಡವಳಿಗೆ ಎಲ್ಲವೂ ತಿಳಿಯಿತು. ಡಬ್ಬಿಯಲ್ಲಿ ಉಳಿದ ಕ್ಲಿಪ್ಪುಗಳು, ತಿರುಗಿ ಬಂದ ಪೊಟ್ಟಣಗಳು, ಹಾರಿದ ಹುಕ್ಕು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ತಪ್ಪಿಸಿಕೊಳ್ಳಲು ನೋಡಿದಳು. ಅಮ್ಮ ಬಿಡಲಿಲ್ಲ.

ಬೂದು ಗೌನು ಅವಳ ಹೆಗಲಿಂದ ಗೂಟಕ್ಕೆ ಹಾಕಿದ ಹಾಗೆ ತೂಗಿತು. ಅಮ್ಮ ಎರಡೂ ಪಕ್ಕದಿಂದ ಸಡಿಲ ಬಟ್ಟೆ ಹಿಡಿದಳು, ಮುಷ್ಟಿ ತುಂಬಿತು. ಆ ಮುಷ್ಟಿಯನ್ನೇ ನೋಡುತ್ತ ನಿಂತಳು. ಆಮೇಲೆ ಮಗಳ ತೋಳು ಹಿಡಿದು ಭುಜದಿಂದ ಮೊಣಕೈವರೆಗೆ ಮೆಲ್ಲಗೆ ಒತ್ತಿಕೊಂಡು ಬಂದಳು, ಮಾರುಕಟ್ಟೆಯಲ್ಲಿ ಬಟ್ಟೆಯ ನೇಯ್ಗೆ ನೋಡುವ ಹಾಗೆ.

"ಟೇಪು ಸುಳ್ಳು ಹೇಳಬಹುದು ಅಂತ ನಿನ್ನ ನಂಬಿದೆ," ಎಂದಳು. "ದಿನಾ ಮುಟ್ಟೋ ಮೈ. ನನ್ನ ಕೈಗೇ ಗೊತ್ತಾಗಲಿಲ್ಲವಲ್ಲೇ. ಏನಾಗಿದೆ ನಿಂಗೆ? ಕಾಯಿಲೆನಾ?"

ಕಾಯಿಲೆ ಎಂದ ಕೂಡಲೇ ಅಜ್ಜಿ ಸೂಜಿ ಕೆಳಗಿಟ್ಟಳು. ಆ ಇಬ್ಬರ ಮುಖದ ಹೆದರಿಕೆ ನೋಡಲಾರದೆ ದೊಡ್ಡವಳು ಬಾಯಿಬಿಟ್ಟಳು. ಕಾಯಿಲೆ ಅಲ್ಲ, ತಿನ್ನುವುದು ಬಿಟ್ಟಿದ್ದೇನೆ ಎಂದಳು. ಯಾಕೆ ಎಂದದ್ದಕ್ಕೆ, ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ ತಂಗಿಯ ಕಡೆ ತಿರುಗಿದಳು.

"ಹೊಲಿಯೋಕೆ ನನ್ನ ಮೈ ಬೇಕು, ತೋರಿಸೋಕೆ ಅವಳದು. ನಿಂತು ನಿಂತು ಕಾಲು ನೋಯಿಸ್ಕೊಂಡೋಳು ನಾನು, ಚೆಂದ ಅನ್ನಿಸ್ಕೊಂಡೋಳು ಅವಳು. ಯಾರೋ ನನ್ನ ದಪ್ಪ ಆಂಟಿ ಅಂದರೆ ಇವಳು ನಕ್ಕಳು. ನಕ್ಕೆ ಅಲ್ವೇನೇ?"

ಕಡ್ಡಿ ಫೋನು ಸೊಂಟದ ಹಿಂದೆ ಸರಿಸಿದಳು. ನಗಬಾರದಿತ್ತು ಎಂದಳು, ಆಮೇಲೆ ಅವಳ ದನಿಯೂ ಏರಿತು.

"ಹೊಟ್ಟೆಕಿಚ್ಚು ನಿನ್ನೊಬ್ಬಳಿಗೇ ಇರೋದು ಅಂದ್ಕೊಂಡ್ಯಾ? ಈ ಮನೇಲಿ ಇಷ್ಟು ಬಟ್ಟೆ ಕತ್ತರಿಸ್ತಾರೆ, ಒಂದಾದರೂ ನನ್ನ ಅಳತೆಗೆ ಕತ್ತರಿಸಿದ್ದಾರಾ? ಸ್ಕೂಲಿಗೆ ಹೋಗುವಾಗಲೂ ನಿನ್ನ ಹಳೇದೇ, ಸೊಂಟಕ್ಕೆ ಪಿನ್ನು ಹಾಕ್ಕೊಂಡು. ಅಮ್ಮ ನಿನ್ನ ನಿಲ್ಲಿಸ್ಕೊಂಡು ಸವರಿ ಸವರಿ ನೋಡುವಾಗ ನಾನು ಆ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ದೇವರೇ ಕತ್ತರಿಸಿದ ಮೀಡಿಯಂ ಅಂತೆ. ನನ್ನ ಯಾರು ಕತ್ತರಿಸಿದ್ದು ಹಾಗಾದರೆ?"

ಅಮ್ಮ ಮೇಜಿನ ಮೇಲೆ ಚೆಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ಆರಿಸಿ ಪಿನ್ನಿನ ದಿಂಬಿಗೆ ಚುಚ್ಚಿದಳು. ದೊಡ್ಡವಳು ತಂಗಿಯನ್ನೇ ನೋಡಿದಳು. ಅವಳ ಅಂಗಿಯ ಸೊಂಟದಲ್ಲಿ ಆಗಲೂ ಒಂದು ಪಿನ್ನಿತ್ತು. ಅದು ದೊಡ್ಡವಳದೇ ಹಳೆಯ ಅಂಗಿ. ದಿನಾ ಕಂಡಿದ್ದಳು, ನೋಡಿರಲಿಲ್ಲ.

ಅಜ್ಜಿ ಮೊದಲು ಮಾತಾಡಿದಳು. ಅತ್ತು ಮುಗಿಸುವುದಿದ್ದರೆ ಬೇಗ ಮುಗಿಸಿ, ಭಾನುವಾರ ನಮಗಾಗಿ ಕಾಯುವುದಿಲ್ಲ ಎಂದು ತನ್ನ ಬ್ಲೇಡು ತೆಗೆದುಕೊಂಡು ಒಂದು ನೀಲಿ ಗೌನಿನ ಪಕ್ಕದ ಹೊಲಿಗೆ ಬಿಚ್ಚತೊಡಗಿದಳು. ಅಮ್ಮನದು ಒಂದು ಹಳೆಯ ರೂಢಿ. ಹೊಲಿಗೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಟ್ಟೇ ಹೊಲಿಯುವುದು. ದಂಡ ಎಂದು ಕಡ್ಡಿ ಎಷ್ಟೋ ಸಲ ಹೇಳಿದ್ದಳು. ಮೈ ಎಂದ ಮೇಲೆ ಏರುತ್ತದೆ, ಇಳಿಯುತ್ತದೆ, ಅದಕ್ಕೆ ಜಾಗ ಇಟ್ಟಿರಬೇಕು ಎಂದ ಅಮ್ಮ ಅವಳ ಮಾತು ಕೇಳಿರಲಿಲ್ಲ. ಆ ಎರಡು ಬೆರಳೇ ಈಗ ಮನೆಯ ಮಾನ ಉಳಿಸಬೇಕಿತ್ತು.

ಅಮ್ಮ ಬೂದು ಗೌನನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ನೀಲಿಯದನ್ನು ಇಟ್ಟು ಗೆರೆ ಎಳೆದಳು. ಮಗಳನ್ನು ನಿಲ್ಲಿಸಿಕೊಳ್ಳಲಿಲ್ಲ. "ನೀನು ಮೊದಲು ನಿನ್ನ ಮೈಗೆ ಬಾ. ಆಮೇಲೆ ನಿಲ್ಲುವಂತೆ," ಎಂದಳಷ್ಟೇ. ದೊಡ್ಡವಳು ಕೂತು ಬಿಚ್ಚಿದಳು, ಕಡ್ಡಿ ಪಕ್ಕದಲ್ಲಿ ಕೂತು ದಾರದ ಚೂರು ಆರಿಸಿದಳು. ಪೆಟ್ಟಿಗೆಯ ಮೇಲೆ ಕವುಚಿಟ್ಟ ಫೋನು ಆಗಾಗ ಗುಯ್ಗುಟ್ಟಿತು. ಕಡ್ಡಿ ಎರಡು ಸಲ ಕೈಚಾಚಿ ಎರಡು ಸಲವೂ ಹಿಂದೆ ತೆಗೆದುಕೊಂಡಳು. ಮೂರನೆಯ ಸಲ ನೋಡಿಯೇಬಿಟ್ಟಳು.

ಅಪ್ಪ ಸಂಜೆ ಬಂದು ಬಾಗಿಲಲ್ಲೇ ನಿಂತ. ಮೇಜಿನ ತುಂಬ ನೀಲಿ, ನೆಲದ ತುಂಬ ದಾರ, ನಾಲ್ಕು ಹೆಂಗಸರೂ ಸುಮ್ಮನೆ. ಹೀಗೆ ಸುಮ್ಮನಿದ್ದದ್ದನ್ನು ಅವನು ಈ ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಏನೂ ಕೇಳದೆ ಕೈಕಾಲು ತೊಳೆದು ಅಡುಗೆಮನೆಗೆ ಹೋದ. ಮೊಟ್ಟೆ ಬೇಯಿಸುವುದೊಂದು ಅವನಿಗೆ ಬರುತ್ತಿತ್ತು.

ಶನಿವಾರ ಟೀಚರಮ್ಮ ಬಂದು, ಒಳಗಿನ ಕೋಣೆಯಲ್ಲಿ ಒಂದು ಗೌನು ತೊಟ್ಟು ಹೊರಗೆ ಬಂದಳು. ಕನ್ನಡಿ ನೋಡಲಿಲ್ಲ. ಕಣ್ಣು ಮುಚ್ಚಿ, ಹೊಟ್ಟೆಯ ಆಳದವರೆಗೆ ಉಸಿರೆಳೆದು, ದೇವರ ಸ್ತುತಿಯ ಒಂದು ಸಾಲು ಹಾಡಿದಳು. ಮಿಷನ್ನಿನ ಮೇಲಿನ ಕತ್ತರಿ ಸಣ್ಣಗೆ ನಡುಗಿತು. ಹುಕ್ಕು ಒಂದೂ ಅಲುಗಲಿಲ್ಲ. ಅಜ್ಜಿ ಕೈಮುಗಿದಳು, ಹಾಡಿಗೋ ಹುಕ್ಕಿಗೋ ಹೇಳುವುದು ಕಷ್ಟ.

ಟೀಚರಮ್ಮ ಗಂಟು ಹೊತ್ತು ಹೋದ ಮೇಲೆ ಅಮ್ಮ ಉಳಿದ ಬಟ್ಟೆಯಲ್ಲಿ ಒಂದು ತುಂಡು ಕೊಡವಿ, ಬಾಗಿಲ ಕಡೆ ನೋಡಿ, "ಬಾರೇ, ನಿಲ್ಲು," ಎಂದಳು. ದೊಡ್ಡವಳು ಅಭ್ಯಾಸಬಲದಿಂದ ಎದ್ದಳು. "ನೀನಲ್ಲ," ಎಂದಳು ಅಮ್ಮ. ಕಡ್ಡಿ ಬಂದು ನಿಂತಳು. ಅಮ್ಮನ ಅಂಗೈ ಅವಳ ಬೆನ್ನು ಸವರುತ್ತ ಇಳಿದಾಗ ಕಚಗುಳಿಯಾದವಳ ಹಾಗೆ ನೆಟ್ಟಗಾದಳು. ನೋಡುತ್ತ ನಿಂತ ದೊಡ್ಡವಳ ಹೊಟ್ಟೆಯಲ್ಲಿ ಮತ್ತೆ ಚುರುಕ್ಕೆಂದಿತು. ಇದ್ದ ಕಿಚ್ಚೆಲ್ಲ ಆರಿತು ಎಂದರೆ ಸುಳ್ಳಾಗುತ್ತದೆ. ಆದರೆ ಈಗ, ಇಷ್ಟು ವರ್ಷ ಅದೇ ಬಾಗಿಲಲ್ಲಿ ನಿಂತಿದ್ದವಳು ಯಾರೆಂದು ಅವಳಿಗೆ ಗೊತ್ತಿತ್ತು.

ರಾತ್ರಿ ಊಟಕ್ಕೆ ದೊಡ್ಡವಳೇ ಬಡಿಸಿದಳು. ಅನ್ನ, ಬೇಳೆ, ತಲೆಗೊಂದು ಮೊಟ್ಟೆ. ಕೈ ತನ್ನಷ್ಟಕ್ಕೆ ತಾನೇ ತನ್ನ ಮೊಟ್ಟೆಯನ್ನು ತಂಗಿಯ ತಟ್ಟೆಗೆ ಹಾಕಿಬಿಟ್ಟಿತ್ತು; ಹಾಕಿದ ಮೇಲೆ ಗೊತ್ತಾಯಿತು. ಅಮ್ಮ ನೋಡಿದಳು, ಅಜ್ಜಿ ನೋಡಿದಳು, ಇಬ್ಬರೂ ತಲೆ ತಗ್ಗಿಸಿ ಉಣ್ಣತೊಡಗಿದರು. ಅಪ್ಪ ಪಾರ್ಸೆಲ್ ಆಫೀಸಿನಲ್ಲಿ ಯಾರೋ ವಿಳಾಸ ಬರೆಯದೆ ಕಳಿಸಿದ ಕುಕ್ಕರಿನ ಕಥೆ ಶುರುಮಾಡಿದ.

ದೊಡ್ಡವಳು ತನ್ನ ಅನ್ನ ಕಲಸುತ್ತ, "ಉಪ್ಪು ಈ ಕಡೆ ಕೊಡೇ," ಎಂದಳು.

ಕಡ್ಡಿ ಉಪ್ಪಿನ ಡಬ್ಬಿಯನ್ನು ಅಕ್ಕನ ಕಡೆ ಸರಿಸಿದಳು. ಆಮೇಲೆ, ಅಪ್ಪನ ಕಥೆ ಕೇಳುತ್ತಲೇ, ಮುಖ ಈ ಕಡೆ ತಿರುಗಿಸದೆ, ತನ್ನ ತಟ್ಟೆಯ ಅಂಚಿನಲ್ಲಿದ್ದ ಆ ಮೊಟ್ಟೆ ಎತ್ತಿ, ಅಕ್ಕನ ಅನ್ನದ ಮೇಲೆ ಉರುಳದ ಹಾಗೆ ಒತ್ತಿ ಇಟ್ಟಳು.